ನಾಲ್ಕು ಗಂಟೆಯ ವೆನಿಸ್ಸು

"ದೇಶ ಸುತ್ತಿ ನೋಡು, ಕೋಶ ಓದಿ ನೋಡು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅದರಲ್ಲಿ ಸುತ್ತುವ ಮಾತು ಒಂದು ಸಲ ಬಂದಿದೆ. ನೋಡುವ ಮಾತು ಎರಡು ಸಲ ಬಂದಿದೆ. ಈಚಿನ ವರ್ಷಗಳಲ್ಲಿ ನಮ್ಮ ವಿದ್ಯಾವಂತ ಮನೆಗಳು ಮೊದಲನೆಯದನ್ನು ಬಿಗಿಯಾಗಿ ಹಿಡಿದುಕೊಂಡು ಎರಡನೆಯದನ್ನು ಕೈಬಿಟ್ಟಿವೆ ಎಂಬುದೇ ಈ ಲೇಖನದ ಆಕ್ಷೇಪ. ಆಕ್ಷೇಪವು ಕೆಲವರಿಗೆ ಕಹಿಯಾಗಬಹುದು. ಆದರೆ ಒಂದು ಆಯುಷ್ಯದ ಉಳಿತಾಯವನ್ನು ಒಂದೇ ಪ್ರವಾಸಕ್ಕೆ ಸುರಿಯುವ ಜನರಿಗೆ ಆ ಹಣ ಯಾವುದಕ್ಕೆ ಸಂದಿತೆಂದು ತಿಳಿಯುವ ಹಕ್ಕುಂಟು. ಮುಖಸ್ತುತಿಯಿಂದ ಆ ತಿಳಿವಳಿಕೆ ಬರಲಾರದು.

"ಹನ್ನೆರಡು ದಿನ, ಏಳು ದೇಶ" ಎಂಬ ಬಗೆಯ ಜಾಹೀರಾತನ್ನು ವಾಚಕರು ಕಂಡೇ ಇರುತ್ತಾರೆ. ದೇಶಗಳ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚುಮಾಡಿರುತ್ತಾರೆ. ಬಸ್ಸಿನಲ್ಲಿ ಕಳೆಯಬೇಕಾದ ಗಂಟೆಗಳ ಸಂಖ್ಯೆಯನ್ನು ಯಾವ ಅಕ್ಷರದಲ್ಲಿಯೂ ಅಚ್ಚುಮಾಡಿರುವುದಿಲ್ಲ. ಇಂತಹ ಪ್ರವಾಸದಲ್ಲಿ ಇಟಲಿ ದೇಶದ ವೆನಿಸ್ ನಗರಕ್ಕೆ ಸಾಮಾನ್ಯವಾಗಿ ಒಂದು ಹೊತ್ತು ಸಿಕ್ಕುತ್ತದೆ. ಹೆಚ್ಚೆಂದರೆ ನಾಲ್ಕು ಗಂಟೆ. ನೂರಕ್ಕೂ ಮಿಕ್ಕ ಸಣ್ಣ ದ್ವೀಪಗಳ ಮೇಲೆ, ಕೆಸರಿನಲ್ಲಿ ಮರದ ಗೂಟಗಳನ್ನು ಹೊಡೆದು, ಆ ಗೂಟಗಳ ಮೇಲೆ ಕಲ್ಲಿನ ಅರಮನೆಗಳನ್ನು ನಿಲ್ಲಿಸಿದ ಊರು ಅದು. ನಾನೂರಕ್ಕೆ ಮೇಲ್ಪಟ್ಟು ಸೇತುವೆಗಳುಳ್ಳ ಊರು; 1797ರಲ್ಲಿ ನೆಪೋಲಿಯನ್ನನ ಮುಂದೆ ಮಣಿಯುವ ತನಕ ಶತಮಾನಗಳ ಕಾಲ ತನ್ನ ಗಣರಾಜ್ಯವನ್ನು ತಾನೇ ಆಳಿಕೊಂಡ ಊರು. ಅದಕ್ಕೆ ನಾಲ್ಕು ಗಂಟೆ.

ಆ ನಾಲ್ಕು ಗಂಟೆ ಹೇಗೆ ಕಳೆಯುತ್ತದೆಂಬುದನ್ನು ನೋಡೋಣ. ಬಸ್ಸು ತ್ರೊಂಕೆತ್ತೊ ಎಂಬ ಕೃತಕ ದ್ವೀಪದಲ್ಲಿ ನಿಲ್ಲುತ್ತದೆ. ಅಲ್ಲಿಂದ ದೋಣಿಯಲ್ಲಿ ಸಂತ ಮಾರ್ಕನ ಚೌಕದ ಕಡೆಗೆ ಪಯಣ. ಮುಂದೆ ಬಾವುಟವನ್ನೋ ಕೊಡೆಯನ್ನೋ ಎತ್ತಿ ಹಿಡಿದ ಮಾರ್ಗದರ್ಶಿ, ಹಿಂದೆ ಅವನ ಬೆನ್ನನ್ನೇ ನೋಡುತ್ತ ನಡೆಯುವ ಜನ. ಚರ್ಚಿನ ಬಾಗಿಲಲ್ಲಿ ಸಾಲು ಉದ್ದವಾಗಿದೆಯೆಂದು ಒಳಗೆ ಹೋಗುವುದನ್ನು ಬಿಟ್ಟು ಹೊರಗಿನಿಂದಲೇ ಚಿತ್ರ ತೆಗೆಯುವುದು. ಗಾಜನ್ನು ಊದಿ ಕುದುರೆಯ ಮಾಡುವ ಕುಶಲಿಯನ್ನು ಹತ್ತು ನಿಮಿಷ ನೋಡಿ, ಅದಕ್ಕೆ ಸೇರಿದ ಅಂಗಡಿಯಲ್ಲಿ ಮುಕ್ಕಾಲು ಗಂಟೆ ನಿಲ್ಲುವುದು. ಅರ್ಧ ಗಂಟೆಗೆ 90 ಯೂರೋ ದರವಿರುವ ಗೊಂಡೋಲ ದೋಣಿಯನ್ನು ಹಂಚಿಕೊಂಡು ಕೂರುವುದು. ಕಟ್ಟಿ ತಂದ ಊಟ, ಶೌಚಾಲಯದ ಹುಡುಕಾಟ, ತಪ್ಪಿಸಿಕೊಂಡ ಒಬ್ಬರಿಗಾಗಿ ಕಾಯುವಿಕೆ. ಮೂರು ಗಂಟೆಗೆ ಮತ್ತೆ ದೋಣಿ, ಮತ್ತೆ ಬಸ್ಸು. ಸಂಜೆಗೆ ಮನೆಗೆ ಸಂದೇಶ: "ವೆನಿಸ್ ಆಯಿತು."

"ಆಯಿತು" ಎಂಬ ಈ ಮಾತನ್ನು ಗಮನಿಸಬೇಕು. ಸ್ನಾನವಾಯಿತು, ಊಟವಾಯಿತು ಎಂಬಂತೆ ಊರೂ ಆಗಿಬಿಡುತ್ತದೆ. ನೋಡಿದ್ದೇನೆಂಬ ಮಾತಿನಲ್ಲಿ ಏನನ್ನು ನೋಡಿದೆಯೆಂಬ ಪ್ರಶ್ನೆಗೆ ಅವಕಾಶವುಂಟು. ಆಯಿತೆಂಬ ಮಾತಿನಲ್ಲಿ ಅದಿಲ್ಲ.

ಏನು ನೋಡದೆ ಉಳಿಯಿತೆಂದು ಕೇಳುವವರಿಗೆ ಕೆಲವು ಉದಾಹರಣೆಗಳನ್ನು ಕೊಡುತ್ತೇನೆ. ದೋಜನೆಂಬ ಅಧಿಪತಿಯ ಅರಮನೆಯೆದುರು ನಿಂತು ಚಿತ್ರ ತೆಗೆಸಿಕೊಳ್ಳುವವರ ಎದುರಿಗೆ ಒಂದು ನೀಳವಾದ ಕಲ್ಲಿನ ಕಟ್ಟಡವಿದೆ. ಅದು ಮಾರ್ಚಿಯಾನ ಗ್ರಂಥಾಲಯ. ಬೆಸ್ಸಾರಿಯೋನ್ ಎಂಬ ಗ್ರೀಕ್ ವಿದ್ವಾಂಸನು, ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ ಮೇಲೆ ತನ್ನ ಜನರ ವಿದ್ಯೆ ನಾಶವಾಗಬಾರದೆಂದು ಕೂಡಿಸಿದ್ದ ಹಸ್ತಪ್ರತಿಗಳನ್ನು 1468ರಲ್ಲಿ ಈ ನಗರಕ್ಕೆ ದಾನಮಾಡಿದನು. ಆ ದಾನವೇ ಈ ಗ್ರಂಥಾಲಯದ ಬೀಜ. ಇದೇ ನಗರದಲ್ಲಿ ಆಲ್ಡಸ್ ಮನೂಷಿಯಸ್ ಎಂಬ ಮುದ್ರಕನು 1501ರಲ್ಲಿ ಗ್ರೀಕ್-ಲ್ಯಾಟಿನ್ ಕಾವ್ಯಗಳನ್ನು ಕೈಯಲ್ಲಿ ಹಿಡಿದು ಓದಬಹುದಾದ ಸಣ್ಣ ಆಕಾರದಲ್ಲಿ ಅಚ್ಚು ಹಾಕಲಾರಂಭಿಸಿದನು. ಪುಸ್ತಕವು ಮಠದ ವ್ಯಾಸಪೀಠದಿಂದ ಓದುಗನ ಅಂಗೈಗೆ ಇಳಿದುಬಂದ ದಾರಿಯಲ್ಲಿ ಅದೊಂದು ದೊಡ್ಡ ಮೆಟ್ಟಿಲು. ಪುಸ್ತಕಪ್ರೇಮಿಗಳೆನಿಸಿಕೊಂಡ ನಮ್ಮವರು ಆ ಕಟ್ಟಡದ ಮುಂದೆ ನಿಂತು ಅದರ ಹೆಸರನ್ನೂ ಕೇಳದೆ ಬರುವರು.

ಇನ್ನೊಂದು ಉದಾಹರಣೆ. ವೆನಿಸ್ಸಿನ ಅನೇಕ ಬಡಾವಣೆಗಳ ಬಯಲಿನಲ್ಲಿ ಕೆತ್ತನೆಯ ಕಲ್ಲಿನ ಬಾವಿಕಟ್ಟೆ ಕಾಣುತ್ತದೆ. ಸುತ್ತಲೂ ಉಪ್ಪುನೀರಿರುವ ಊರಿನಲ್ಲಿ ಬಾವಿಗೆ ಸಿಹಿನೀರು ಎಲ್ಲಿಂದ ಬಂದಿತು? ಬಯಲನ್ನು ಆಳವಾಗಿ ಅಗೆದು, ಉಪ್ಪುನೀರು ಒಳನುಗ್ಗದಂತೆ ಜೇಡಿಮಣ್ಣಿನ ಗೋಡೆ ಕಟ್ಟಿ, ಒಳಗೆ ಮರಳು ತುಂಬಿ, ನಡುವೆ ಬಾವಿಯ ಕೊಳವೆಯನ್ನು ನಿಲ್ಲಿಸುತ್ತಿದ್ದರು. ಮಳೆಯ ನೀರು ಕಲ್ಲುಹಾಸಿನ ಕಿಂಡಿಗಳಿಂದ ಇಳಿದು, ಮರಳಿನಲ್ಲಿ ಸೋಸಿ, ಬಾವಿಗೆ ಬರುತ್ತಿತ್ತು. 1884ರಲ್ಲಿ ನೆಲದ ಕಡೆಯಿಂದ ನಲ್ಲಿಯ ನೀರು ಬರುವ ತನಕ ಊರು ಬದುಕಿದ್ದು ಮುಖ್ಯವಾಗಿ ಈ ನೀರಿನಿಂದ. ಕೆರೆ ಕಲ್ಯಾಣಿಗಳನ್ನು ಕಟ್ಟಿದವರ ಮಕ್ಕಳಾದ ನಾವು ಈ ಬಾವಿಕಟ್ಟೆಯ ಮುಂದೆ ಒಂದು ಗಳಿಗೆ ನಿಂತರೆ ಆ ಜನ ನಮಗೆ ಪರಕೀಯರಾಗಿ ತೋರುವುದಿಲ್ಲ. ಆದರೆ ಬಾವುಟ ಮುಂದೆ ಹೋಗುತ್ತಿದೆ, ನಿಲ್ಲುವುದಕ್ಕೆ ಸಮಯವೆಲ್ಲಿ?

ಮೂರನೆಯದು ಚಿತ್ರಕಲೆ. ತಿಂತೊರೆತ್ತೊ ಎಂಬ ಚಿತ್ರಕಾರನು ಸಂತ ರೋಕನ ಭ್ರಾತೃಸಂಘದ ಮಂದಿರದಲ್ಲಿ 1564ರಿಂದ ಸುಮಾರು ಇಪ್ಪತ್ತಮೂರು ವರ್ಷಗಳ ಅವಧಿಯಲ್ಲಿ ಗೋಡೆ ಮಾಳಿಗೆಗಳನ್ನೆಲ್ಲ ತನ್ನ ಚಿತ್ರಗಳಿಂದ ತುಂಬಿದನು. ಮನುಷ್ಯನೊಬ್ಬನ ಪ್ರಾಯವೆಲ್ಲ ಆ ಗೋಡೆಗಳ ಮೇಲಿದೆ. ಚೌಕದಿಂದ ಅಲ್ಲಿಗೆ ಇಪ್ಪತ್ತು ನಿಮಿಷದ ಕಾಲುದಾರಿ. ಅದು ಕಾರ್ಯಕ್ರಮದಲ್ಲಿಲ್ಲ; ಗಾಜಿನ ಅಂಗಡಿ ಕಾರ್ಯಕ್ರಮದಲ್ಲಿದೆ.

ಪ್ರಕೃತ ವಿಷಯದಲ್ಲಿ ನಮ್ಮ ವಿರುದ್ಧ ಹೇಳಬಹುದಾದ ಮಾತುಗಳು ಮೂರು. ಮೂರನ್ನೂ ಪರಿಶೀಲಿಸುವುದು ನ್ಯಾಯ.

ಮೊದಲನೆಯದು: "ಬಡವರ ಪ್ರವಾಸವನ್ನು ಹಳಿಯುವುದು ಶ್ರೀಮಂತರ ಚಾಳಿ. ಅಗ್ಗದ ಪ್ರವಾಸವಿಲ್ಲದಿದ್ದರೆ ನಮ್ಮಂತಹವರು ಯೂರೋಪನ್ನು ಕಾಣುವುದು ಹೇಗೆ?" ಈ ಮಾತಿಗೆ ಮಾನ್ಯತೆಯಿದೆ. ಥಾಮಸ್ ಕುಕ್ ಎಂಬಾತನು 1841ರಲ್ಲಿ ಲೆಸ್ಟರಿನಿಂದ ಲಫ್‌ಬರೋಗೆ ಮದ್ಯವಿರೋಧಿಗಳ ಗುಂಪೊಂದನ್ನು ತಲೆಗೊಂದು ಷಿಲಿಂಗಿಗೆ ರೈಲಿನಲ್ಲಿ ಕರೆದೊಯ್ದನು. 1864ರಲ್ಲಿ ಇಟಲಿಗೆ ಜನರನ್ನು ಕೊಂಡೊಯ್ದನು. ಮರುವರ್ಷವೇ ಚಾರ್ಲ್ಸ್ ಲೀವರ್ ಎಂಬ ಕಾದಂಬರಿಕಾರನು, ಸ್ವತಃ ಇಟಲಿಯಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿದ್ದುಕೊಂಡು, ಈ ಪ್ರವಾಸಿಗಳನ್ನು ದನಗಳ ಮಂದೆಯೆಂಬಂತೆ ಪತ್ರಿಕೆಯಲ್ಲಿ ಹಾಸ್ಯಮಾಡಿದನು. ಆ ಹಾಸ್ಯ ಹೀನವಾದುದು. ಲೋಕದ ಸೌಂದರ್ಯವು ಸಿರಿವಂತರ ಪಿತ್ರಾರ್ಜಿತವಲ್ಲ. ಆ ವಾದದಲ್ಲಿ ನಾವು ಕುಕ್ಕನ ಪಕ್ಷ.

ಆದರೆ ನಮ್ಮ ಆಕ್ಷೇಪವಿರುವುದು ಅಗ್ಗತನದ ಮೇಲಲ್ಲ, ಅವಸರದ ಮೇಲೆ. ಇವೆರಡೂ ಒಂದೇ ಎಂದು ನಂಬಿಸಿರುವುದೇ ವ್ಯಾಪಾರಿಗಳ ಚಮತ್ಕಾರ. ನಿಜವಾಗಿ ನೋಡಿದರೆ ಅವಸರ ಅಗ್ಗವಲ್ಲ. ಇನ್ಸ್‌ಬ್ರುಕ್ಕಿನಿಂದ ವೆನಿಸ್ಸಿಗೆ ರಸ್ತೆಯಲ್ಲಿ ಸುಮಾರು 380 ಕಿಲೋಮೀಟರು. ವೆನಿಸ್ಸಿನಿಂದ ಫ್ಲಾರೆನ್ಸಿಗೆ ಸುಮಾರು 260. ಈ ನಾಲ್ಕು ಗಂಟೆಯ ನೋಟಕ್ಕಾಗಿ 640 ಕಿಲೋಮೀಟರಿನ ಎಣ್ಣೆ, ರಸ್ತೆಯ ಸುಂಕ, ಬಸ್ಸಿನ ಬಾಡಿಗೆ, ಚಾಲಕನ ಸಂಬಳ ಇವೆಲ್ಲವನ್ನೂ ಕೊಡುವವನು ಪ್ರಯಾಣಿಕನೇ. ಅವನು ಕೊಂಡದ್ದು ಊರನ್ನಲ್ಲ, ದಾರಿಯನ್ನು. ಒಂದು ವಿನೋದವನ್ನು ಇಲ್ಲಿ ಹೇಳಬೇಕು: ನಾಲ್ಕೂವರೆ ಗಂಟೆ ಓಡಿಸಿದ ಚಾಲಕನಿಗೆ ಮುಕ್ಕಾಲು ಗಂಟೆಯ ವಿಶ್ರಾಂತಿ ಕೊಡಲೇಬೇಕೆಂದು ಯೂರೋಪಿನ ಕಾನೂನು ವಿಧಿಸಿದೆ. ಹಿಂದೆ ಕುಳಿತ ಅರುವತ್ತೈದು ವರ್ಷದ ನಿವೃತ್ತ ಉಪಾಧ್ಯಾಯರ ವಿಶ್ರಾಂತಿಗೆ ಯಾವ ಕಾನೂನೂ ಇಲ್ಲ.

ಏಳು ದೇಶಕ್ಕೆ ಕೊಡುವ ಹಣದಲ್ಲಿ ಎರಡು ಊರುಗಳಲ್ಲಿ ಐದೈದು ದಿನ ಇರಬಹುದು. ವೆನಿಸ್ಸಿನ ದ್ವೀಪಗಳಲ್ಲಿ ವಸತಿ ದುಬಾರಿಯೆಂಬುದು ನಿಜ; ಆದರೆ ನೆಲದ ಮೇಲಿನ ಮೆಸ್ತ್ರೆಯಲ್ಲಿ ಅಷ್ಟು ದುಬಾರಿಯಲ್ಲ, ಅಲ್ಲಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ನೀರಿನ ಮೇಲಿನ ಊರನ್ನು ಸೇರಬಹುದು. ಬೆಳಗ್ಗೆ ರಿಯಾಲ್ಟೋ ಸೇತುವೆಯ ಬಳಿ ಮೀನಿನ ಸಂತೆ, ತರಕಾರಿಯ ದೋಣಿಗಳು, ಕಸವನ್ನು ಒಯ್ಯುವ ದೋಣಿ, ರೋಗಿಯನ್ನು ಒಯ್ಯುವ ದೋಣಿ ಎಲ್ಲವನ್ನೂ ಕಾಸಿಲ್ಲದೆ ನೋಡಬಹುದು. ದೊಡ್ಡ ಕಾಲುವೆಯನ್ನು ದಾಟಿಸುವ ಸಾರ್ವಜನಿಕ ಗೊಂಡೋಲಕ್ಕೆ ಎರಡೇ ಯೂರೋ; ತುಂಗಭದ್ರೆಯ ಹರಿಗೋಲಿನಂತೆ ಊರವರೊಡನೆ ದಾಟಿಬಿಡಬಹುದು. ಕುಡಿಯುವ ನೀರು ಬೀದಿಯ ನಲ್ಲಿಗಳಲ್ಲಿ ಉಚಿತ. ಬಡವನಿಗೆ ನಿಜವಾಗಿ ಒಪ್ಪುವ ಪ್ರವಾಸ ನಿಧಾನದ ಪ್ರವಾಸವೇ. ಅವನಿಗೆ ಮತ್ತೆ ಬರುವ ಅವಕಾಶವಿಲ್ಲ. ಆದಕಾರಣ ಬಂದ ಒಂದು ಸಲ ಸರಿಯಾಗಿ ನೋಡಬೇಕಾದವನು ಅವನೇ.

ಎರಡನೆಯ ಮಾತು: "ವಿಮಾನದ ದರವೂ ರಹದಾರಿಯ ದರವೂ ಒಂದು ದೇಶಕ್ಕಾದರೂ ಅಷ್ಟೇ, ಏಳಕ್ಕಾದರೂ ಅಷ್ಟೇ. ಹೋದ ಮೇಲೆ ಎಲ್ಲವನ್ನೂ ನೋಡಿ ಬರುವುದು ಜಾಣತನವಲ್ಲವೇ?" ಷೆಂಗೆನ್ ರಹದಾರಿಯ ಶುಲ್ಕವು 2024ರ ಜೂನಿನಿಂದ 90 ಯೂರೋ, ಅದು ಇಪ್ಪತ್ತೊಂಬತ್ತು ದೇಶಗಳಿಗೂ ಒಂದೇ ಎಂಬುದು ಸರಿ. ಆದರೆ ಮದುವೆಯ ಮನೆಯಲ್ಲಿ ಎಲೆಯ ತುಂಬ ಬಡಿಸಿದ್ದಾರೆಂದು ಎಲ್ಲವನ್ನೂ ಒಂದೊಂದು ತುತ್ತು ಕಚ್ಚಿ ಬಿಡುವವನನ್ನು ನಾವು ಜಾಣನೆನ್ನುವುದಿಲ್ಲ, ಊಟಮಾಡಲು ಬಾರದವನೆನ್ನುತ್ತೇವೆ. ರಹದಾರಿಯು ಇಪ್ಪತ್ತೊಂಬತ್ತು ದೇಶಗಳಿಗೆ ಅನುಮತಿ ಕೊಡುತ್ತದೆ, ಅಪ್ಪಣೆ ಕೊಡುವುದಿಲ್ಲ. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು" ಎಂದರು ಹಿರಿಯರು. ಪರಾಂಬರಿಸುವುದಕ್ಕೆ ಹೊತ್ತು ಬೇಕು. ಹೊತ್ತನ್ನು ಏಳು ಭಾಗ ಮಾಡಿದವನಿಗೆ ಕಾಣುವುದಷ್ಟೇ ಉಳಿಯುತ್ತದೆ.

ಮೂರನೆಯ ಮಾತು: "ನಮ್ಮಿಂದ ಆ ಊರಿಗೆ ಲಾಭವೇ ಅಲ್ಲವೇ?" ಇದಕ್ಕೆ ಆ ಊರಿನ ಲೆಕ್ಕವೇ ಉತ್ತರ. 1951ರಲ್ಲಿ ವೆನಿಸ್ಸಿನ ಹಳೆಯ ನಗರದಲ್ಲಿ ಸುಮಾರು 1,75,000 ಜನರಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮರುವರ್ಷ ಪ್ರವಾಸಿಗಳಿಗೆಂದು ಇಟ್ಟ ಹಾಸಿಗೆಗಳ ಸಂಖ್ಯೆಯೇ ನಿವಾಸಿಗಳ ಸಂಖ್ಯೆಯನ್ನು ಮೀರಿತು. ರಿಯಾಲ್ಟೋ ಬಳಿಯ ಒಂದು ಔಷಧದ ಅಂಗಡಿಯವರು 2008ರಲ್ಲಿ ಊರಿನ ಜನಸಂಖ್ಯೆಯನ್ನು ತೋರಿಸುವ ಫಲಕವನ್ನು ಕಿಟಕಿಯಲ್ಲಿ ಇಟ್ಟರು. ಇಳಿಯುತ್ತಲೇ ಬಂದ ಅಂಕಿಯದು. ಜನ ಊರು ಬಿಟ್ಟುದಕ್ಕೆ ಪ್ರವಾಸಿಗಳೊಬ್ಬರೇ ಕಾರಣರಲ್ಲ. ಮನೆಗಳ ಬೆಲೆ, ಹಳೆಯ ಮನೆಗಳ ದುರಸ್ತಿಯ ವೆಚ್ಚ, ನೆರೆನೀರು, ಉದ್ಯೋಗಗಳು ಮೆಸ್ತ್ರೆಯ ಕಡೆಗೆ ಸರಿದದ್ದು ಇವೂ ಕಾರಣ. ಆದರೆ ರೊಟ್ಟಿಯ ಅಂಗಡಿಯಿದ್ದಲ್ಲಿ ಮುಖವಾಡದ ಅಂಗಡಿ ಬಂದದ್ದು ಗಿರಾಕಿ ಬದಲಾದದ್ದರಿಂದ. ನಾಲ್ಕು ಗಂಟೆ ಇದ್ದು ಹೋಗುವವನಿಗೆ ತರಕಾರಿ ಬೇಡ, ಚಮ್ಮಾರ ಬೇಡ, ದರ್ಜಿ ಬೇಡ. ಅವನಿಗೆ ಬೇಕಾದುದು ಕಿಸೆಯಲ್ಲಿ ಹಿಡಿಸುವ ನೆನಪಿನ ಕಾಣಿಕೆ ಮಾತ್ರ. ಊರು ಅವನಿಗೆ ತಕ್ಕಂತೆ ತನ್ನನ್ನು ಮಾರ್ಪಡಿಸಿಕೊಳ್ಳುತ್ತದೆ. ಆಮೇಲೆ ಅವನೇ "ಅಲ್ಲಿ ಅಂಗಡಿಗಳ ಹೊರತು ಏನೂ ಇಲ್ಲ" ಎಂದು ದೂರುತ್ತಾನೆ.

ಆ ನಗರದ ಆಡಳಿತದವರೂ ನಿರ್ದೋಷಿಗಳೆಂದು ನಾವು ಹೇಳುವುದಿಲ್ಲ. 2021ರ ಆಗಸ್ಟಿನಿಂದ ದೊಡ್ಡ ಪ್ರಯಾಣಿಕ ಹಡಗುಗಳು ಸಂತ ಮಾರ್ಕನ ಚೌಕದ ಮುಂದೆ ಹಾಯ್ದು ಹೋಗುವುದನ್ನು ಇಟಲಿಯ ಸರ್ಕಾರ ನಿಲ್ಲಿಸಿದ್ದು ಒಳ್ಳೆಯದು. 2024ರಲ್ಲಿ ನಗರದವರು ಪ್ರವಾಸಿಗಳ ಗುಂಪಿಗೆ ಇಪ್ಪತ್ತೈದು ಜನರ ಮಿತಿಯನ್ನು ಹಾಕಿ ಧ್ವನಿವರ್ಧಕವನ್ನು ನಿಷೇಧಿಸಿದ್ದೂ ಯುಕ್ತವೇ. ಆದರೆ ಅದೇ ವರ್ಷದ ಏಪ್ರಿಲ್ 25ರಿಂದ ಜನಸಂದಣಿಯ ಕೆಲವು ದಿನಗಳಲ್ಲಿ, ರಾತ್ರಿ ತಂಗದೆ ಬಂದು ಹೋಗುವವರಿಂದ ತೆಗೆದುಕೊಂಡ 5 ಯೂರೋ ಪ್ರವೇಶದ ಹಣ ನಮಗೆ ಒಪ್ಪಿಗೆಯಾಗುವುದಿಲ್ಲ. ಮೊದಲ ವರ್ಷ 29 ದಿನ ಇದ್ದದ್ದು 2025ರಲ್ಲಿ 54 ದಿನವಾಯಿತು. ತಡವಾಗಿ ಕಾದಿರಿಸಿದವರಿಗೆ 10 ಯೂರೋ ಆಯಿತು. ನೂರಾರು ಸಾವಿರ ರೂಪಾಯಿಯ ಪ್ರವಾಸದಲ್ಲಿ ಐದು ಹತ್ತು ಯೂರೋ ಯಾರನ್ನೂ ತಡೆಯಲಾರದು. ವ್ಯಾಪಾರಿ ಅದನ್ನು ಬೆಲೆಗೆ ಸೇರಿಸಿಬಿಡುತ್ತಾನೆ. ಊರಿಗೆ ಟಿಕೇಟು ಇಟ್ಟ ಕೂಡಲೇ, ಇದು ಜನ ಬದುಕುವ ಊರಲ್ಲ, ನೋಡುವ ವಸ್ತುಸಂಗ್ರಹಾಲಯ ಎಂಬ ಭಾವನೆಗೆ ಊರಿನವರೇ ಮುದ್ರೆ ಒತ್ತಿದಂತಾಯಿತು. ಆದರೂ ಆ ನಿಯಮದಲ್ಲಿ ಒಂದು ಸೂಚನೆ ಅಡಗಿದೆ: ಆ ಪುರಸಭೆಯ ಎಲ್ಲೆಯಲ್ಲಿ, ಮೆಸ್ತ್ರೆಯಲ್ಲಾದರೂ ಸರಿ, ಒಂದು ರಾತ್ರಿ ತಂಗುವವನು ಈ ಹಣವನ್ನು ಕೊಡಬೇಕಾಗಿಲ್ಲ, ವಸತಿಯ ತೆರಿಗೆ ಮಾತ್ರ ಅವನ ಪಾಲಿಗೆ. ತಂಗುವವನು ಅತಿಥಿ, ಹಾಯುವವನು ಹೊರೆ ಎಂದು ಆ ಊರು ಹೇಳುತ್ತಿದೆ. ಆ ಮಾತನ್ನು ಕೇಳಿಸಿಕೊಳ್ಳುವ ಕಿವಿ ನಮಗಿರಬೇಕು.

ಅತಿಥಿಯ ಮಾತು ಬಂದುದರಿಂದ ನಮ್ಮ ನಾಡಿಗೆ ಬಂದ ವೆನಿಸ್ಸಿಗರನ್ನು ನೆನೆಯುವುದು ಉಚಿತ. ವೆನಿಸ್ಸಿನ ಕೊಲ್ಲಿಯ ಕಿಯೋಜ್ಜಾ ಊರಿನ ನಿಕೊಲೊ ಕೋಂತಿಯು ಸುಮಾರು 1420ರಲ್ಲಿ ವಿಜಯನಗರವನ್ನು ಕಂಡನು. ಅವನು ದೇಶ ಬಿಟ್ಟು ಇಪ್ಪತ್ತೈದು ವರ್ಷ ಪೂರ್ವದೇಶಗಳಲ್ಲಿ ತಿರುಗಿದವನು, ಅರಬ್ಬಿ ಪಾರಸಿ ಭಾಷೆಗಳನ್ನು ಕಲಿತವನು. ಸೆಜಾರೆ ಫೆದೆರಿಚಿ ಎಂಬ ವೆನಿಸ್ಸಿನ ವರ್ತಕನು 1567ರಲ್ಲಿ, ಅಂದರೆ ತಾಳಿಕೋಟೆಯ ಯುದ್ಧವಾಗಿ ಎರಡು ವರ್ಷದ ಮೇಲೆ, ವಿಜಯನಗರಕ್ಕೆ ಬಂದನು. ಅವನ ವ್ಯಾಪಾರ ಒಂದು ತಿಂಗಳಿನಲ್ಲಿ ಮುಗಿಯಬಹುದಾಗಿತ್ತು. ದಾರಿಯಲ್ಲಿ ಕಳ್ಳರ ಭಯವಿದ್ದುದರಿಂದ ಏಳು ತಿಂಗಳು ಅಲ್ಲಿ ಉಳಿದನು. ಮನೆಗಳು ನಿಂತೇ ಇದ್ದವು, ಒಳಗೆ ಜನರಿರಲಿಲ್ಲ, ಹುಲಿ ಮೊದಲಾದ ಕಾಡುಮೃಗಗಳು ಸೇರಿಕೊಂಡಿವೆಯೆಂದು ಜನ ಹೇಳುತ್ತಿದ್ದರು ಎಂಬುದಾಗಿ ಅವನು ಬರೆದಿಟ್ಟನು. ಆ ಪುಸ್ತಕ 1587ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ನಮ್ಮ ಹಾಳಾದ ರಾಜಧಾನಿಯ ಚರಿತ್ರೆಯನ್ನು ಬರೆಯುವವರು ಇಂದಿಗೂ ಆ ವರ್ತಕನ ಸಾಕ್ಷ್ಯವನ್ನು ತೆಗೆದು ನೋಡುತ್ತಾರೆ. ಅವನು ಪಂಡಿತನಲ್ಲ, ಕವಿಯಲ್ಲ. ಅವನಲ್ಲಿದ್ದ ಬಂಡವಾಳ ಏಳು ತಿಂಗಳ ವಾಸ. ಒಬ್ಬ ವೆನಿಸ್ಸಿಗನು ನಮ್ಮ ಊರಿಗೆ ಏಳು ತಿಂಗಳು ಕೊಟ್ಟನು; ನಾವು ಅವನ ಊರಿಗೆ ನಾಲ್ಕು ಗಂಟೆ ಕೊಟ್ಟು ಬರುತ್ತೇವೆ. ಅಂದು ಅವನನ್ನು ತಡೆದದ್ದು ಕಳ್ಳರು. ಇಂದು ನಮ್ಮನ್ನು ಓಡಿಸುತ್ತಿರುವವರು ಯಾರೆಂದು ವಾಚಕರೇ ಯೋಚಿಸಲಿ.

ಏಳು ತಿಂಗಳು ನಮ್ಮಿಂದಾಗದು; ಅದನ್ನು ಯಾರೂ ಕೇಳುತ್ತಿಲ್ಲ. ಕ್ಷೇತ್ರಕ್ಕೆ ಹೋದವರು ಮೂರು ರಾತ್ರಿಯಾದರೂ ಅಲ್ಲಿರಬೇಕೆಂಬ ಭಾವನೆ ನಮ್ಮ ಹಿರಿಯರಲ್ಲಿತ್ತು. ಮೊದಲ ದಿನ ಕಣ್ಣು ಬೆರಗಾಗಿರುತ್ತದೆ. ಎರಡನೆಯ ದಿನ ಕಾಲು ದಾರಿಯನ್ನು ಕಲಿಯುತ್ತದೆ. ಮೂರನೆಯ ದಿನ ಮನಸ್ಸು ಪ್ರಶ್ನೆ ಕೇಳಲು ತೊಡಗುತ್ತದೆ. ಅದು ಕಾಶಿಗೂ ಸಲ್ಲುತ್ತದೆ, ವೆನಿಸ್ಸಿಗೂ ಸಲ್ಲುತ್ತದೆ, ಎರಡು ಗಂಟೆಯಲ್ಲಿ ಬಸ್ಸಿನವರು ತೋರಿಸಿ ಮುಗಿಸುವ ನಮ್ಮ ಹಂಪೆಗೂ ಸಲ್ಲುತ್ತದೆ.

ಈ ಮಾತನ್ನು ಸಾಹಿತ್ಯಸಂಘದ ಪತ್ರಿಕೆಯಲ್ಲಿ ಎತ್ತುವುದಕ್ಕೆ ಕಾರಣವಿದೆ. ಪ್ರವಾಸದ ಅವಸರವು ಈಗ ನಮ್ಮ ಬರವಣಿಗೆಗೂ ಅಂಟಿದೆ. ಇಂತಹ ಪತ್ರಿಕೆಗಳಿಗೆ ಬರುವ ಪ್ರವಾಸಕಥನಗಳಲ್ಲಿ ಎದ್ದ ಹೊತ್ತು, ತಿಂದ ಉಪಾಹಾರ, ಬಸ್ಸಿನ ಹವಾನಿಯಂತ್ರಣ, ಅನ್ನ ಸಾರು ಸಿಕ್ಕಿತೋ ಇಲ್ಲವೋ ಎಂಬ ಚಿಂತೆ ಇವು ಹೇರಳವಾಗಿರುತ್ತವೆ. ಊರು ಮಾತ್ರ ಒಂದು ವಾಕ್ಯದಲ್ಲಿ ಹಾಯ್ದುಹೋಗುತ್ತದೆ. ಆ ವಾಕ್ಯವೂ "ವರ್ಣಿಸಲಸದಳ" ಎಂದು ಮುಗಿಯುತ್ತದೆ. ವರ್ಣಿಸಲು ಅಸದಳವಾದದ್ದು ಸೌಂದರ್ಯದ ಅತಿಶಯದಿಂದಲ್ಲ, ನೋಡದೆ ಬಂದದ್ದರಿಂದ. ವಿ. ಸೀತಾರಾಮಯ್ಯನವರು ಹಂಪೆಯೊಂದನ್ನೇ ವಿಷಯವಾಗಿಟ್ಟುಕೊಂಡು 'ಪಂಪಾಯಾತ್ರೆ'ಯನ್ನು ಬರೆದರು. ಒಂದು ಸ್ಥಳ ಒಂದು ಪುಸ್ತಕಕ್ಕೆ ಸಾಕಾಯಿತು. ಈಗ ಏಳು ದೇಶಗಳು ಮೂರು ಪುಟಕ್ಕೆ ಸಾಲುತ್ತಿಲ್ಲ.

ಆದುದರಿಂದ ಪ್ರವಾಸಕ್ಕೆ ಹೊರಡುವ ಗೃಹಸ್ಥರು ಹಣ ಕಟ್ಟುವುದಕ್ಕೆ ಮೊದಲು ಪ್ರವಾಸದ ಏಜೆಂಟರನ್ನು ಮೂರು ಪ್ರಶ್ನೆ ಕೇಳಬೇಕು. ಈ ಊರಿನಲ್ಲಿ ಎಷ್ಟು ರಾತ್ರಿ? ನಮ್ಮ ಇಷ್ಟದಂತೆ ನಡೆಯಲು ಎಷ್ಟು ಗಂಟೆ? ಕಾರ್ಯಕ್ರಮದಲ್ಲಿರುವ ಅಂಗಡಿಗಳೆಷ್ಟು? ಈ ಮೂರಕ್ಕೆ ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು. ನೂರು ಮನೆಯವರು ಹೀಗೆ ಕೇಳಿದರೆ ನೂರೊಂದನೆಯ ಜಾಹೀರಾತಿನಲ್ಲಿ ದೇಶಗಳ ಸಂಖ್ಯೆ ಇಳಿಯುತ್ತದೆ. ವ್ಯಾಪಾರಿಗೆ ದೇಶಗಳ ಮೇಲೆ ಪ್ರೀತಿಯೂ ಇಲ್ಲ ದ್ವೇಷವೂ ಇಲ್ಲ, ಕೇಳಿದ್ದನ್ನು ಅವನು ಮಾರುತ್ತಾನೆ. ಇಷ್ಟು ದಿನ ನಾವು ಎಣಿಕೆಯನ್ನು ಕೇಳಿದೆವು, ಎಣಿಕೆಯನ್ನು ಕೊಟ್ಟನು. ಇನ್ನು ಮುಂದೆ ಹೊತ್ತನ್ನು ಕೇಳೋಣ. ಹಿಂದಿರುಗಿದ ಮೇಲೆ ನೆರೆಯವರು "ಎಷ್ಟು ದೇಶ ನೋಡಿದಿರಿ?" ಎಂದಾಗ "ಒಂದು ಊರು ನೋಡಿದೆವು" ಎಂದು ಹೇಳಲು ಸಂಕೋಚಪಡಬೇಕಾಗಿಲ್ಲ. ಹಾಗೆ ಹೇಳಬಲ್ಲವರು ಬರೆದ ಪ್ರವಾಸಕಥನವನ್ನು ಓದಲು ನಾವೆಲ್ಲ ಕಾದಿದ್ದೇವೆ.